ಒಂದು ಕಟ್ಟಡಕ್ಕೆ ಒಂದೇ ಆನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಸೊಸೆ ಗಾಳಿ ಮಾರುತ್ತಾಳೆ. ಅವಳೆದುರು ಹಾಗೆ ಅಂದರೆ ಮೂತಿ ಉಬ್ಬಿಸುತ್ತಾಳೆ, ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಾಳೆ: ಹುಟ್ಟುಹಬ್ಬಕ್ಕೆ ಕರೆಯುವ ಕಾರ್ಡು, ಡಬ್ಬಕ್ಕೆ ಅಂಟಿಸುವ ಚೀಟಿ, ಬಾಗಿಲಿಗೆ ಹಾಕುವ ಹೆಸರಿನ ಫಲಕ, ಇಂಥವು. ಅದನ್ನು ಆನ್‌ಲೈನ್ ಅಂಗಡಿಯಲ್ಲಿ ಇಡುತ್ತಾಳೆ. ಯಾರಾದರೂ ದುಡ್ಡು ಕಟ್ಟಿದರೆ ಚಿತ್ರ ಅವರ ಫೋನಿಗೆ ಹೋಗುತ್ತದೆ. ಅವರು ತಮ್ಮ ಮಗುವಿನ ಹೆಸರು, ತಾರೀಕು ತುಂಬಿಕೊಂಡು ತಾವೇ ಅಚ್ಚು ಹಾಕಿಸಿಕೊಳ್ಳುತ್ತಾರೆ. ಕಾಗದ ಅವರದು, ಶಾಯಿ ಅವರದು. ಮಾರಿದ ಮೇಲೂ ಚಿತ್ರ ನಮ್ಮ ಹತ್ತಿರವೇ ಇರುತ್ತದೆ! ಮೂವತ್ತೊಂದು ವರ್ಷ ಬಟ್ಟೆ ಅಂಗಡಿ ನಡೆಸಿದವಳು ನಾನು. ಅಳೆದು, ಕತ್ತರಿ ಹಾಕಿ, ಮಡಚಿ ಕೊಟ್ಟರೆ ಬಟ್ಟೆ ಅಷ್ಟು ಕಡಿಮೆಯಾಗಬೇಕು. ಎಷ್ಟು ಮಾರಿದರೂ ಸವೆಯದ ಸರಕು ಯಾವ ಸೀಮೆಯ ಸರಕೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಆದರೂ ನಾನು ಅವಳ ಪಕ್ಷವೇ. ಯಾಕೆಂದರೆ ಅದಕ್ಕೆ ಮುಂಚೆ ಏಳು ವರ್ಷ ಅವಳು ಒಂದು ಪ್ರೆಸ್ಸಿನಲ್ಲಿ ಡಿಸೈನ್ ಕೆಲಸ ಮಾಡುತ್ತಿದ್ದಳು. ಆ ಪ್ರೆಸ್ಸಿನ ಯಜಮಾನ ಅವಳ ಕುರ್ಚಿಯ ಹಿಂದೆ ನಿಂತು ಕಡಲೆಕಾಯಿ ತಿನ್ನುತ್ತಾ, "ಅಕ್ಷರ ಇನ್ನೂ ದೊಡ್ಡದು ಮಾಡಮ್ಮ" ಎನ್ನುತ್ತಿದ್ದ. ಇವಳು ಮಾಡುವಳು. "ಫೋಟೋನೂ ಇನ್ನೂ ದೊಡ್ಡದು." ಅದನ್ನೂ ಮಾಡುವಳು. ಕೊನೆಗೆ, "ಇದೇನಮ್ಮ, ಇಷ್ಟೊಂದು ಇಕ್ಕಟ್ಟು! ಏಳು ವರ್ಷದಿಂದ ಏನು ಕಲಿತೆ ನೀನು?" ಎಂದು ಎಲ್ಲರೆದುರು ಕೂಗುವನು. ನಮ್ಮ ಮನೆಯಲ್ಲಿ ಅವನಿಗೆ ಇನ್ನೂದೊಡ್ಡದು ಎಂದೇ ಹೆಸರು. ಸಂಜೆ ಮನೆಗೆ ಬಂದರೆ ಇವಳ ಕೂದಲಲ್ಲಿ ಕಡಲೆಕಾಯಿ ಸಿಪ್ಪೆ, ಬಾಯಲ್ಲಿ ಮಾತಿಲ್ಲ. ಮೊದಮೊದಲು ನನಗೆ, ಆಹಾ, ಎದುರು ಮಾತಾಡದ ಸೊಸೆ ಸಿಕ್ಕಳಲ್ಲ ಎಂದು ಖುಷಿಯೇ ಆಗಿತ್ತು. ಆಮೇಲೆ ಒಂದು ಭಾನುವಾರ ಅವಳು ಬಚ್ಚಲಲ್ಲಿ ಜೋರಾಗಿ ಹಾಡುವುದು ಕೇಳಿಸಿತು. ವಾರದಲ್ಲಿ ಆರು ದಿನ ಈ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡೇ ಬದುಕುತ್ತಿದ್ದಾಳೆ ಎಂದು ಆಗ ತಿಳಿಯಿತು.

ಅವಳು ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಅಂಗಡಿ ತೆರೆದಳು. ಮೂರನೇ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಇನ್ನೂದೊಡ್ಡದಕ್ಕೆ ಬರುತ್ತೇನೋ ಇಲ್ಲವೋ ಹೇಳಬೇಕು. ಹೇಳದಿದ್ದರೆ ಕುರ್ಚಿ ಬೇರೆಯವರಿಗೆ. ಮಗ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅವನೊಬ್ಬನ ಸಂಬಳದಲ್ಲಿ ಮನೆ ಕುಂಟಿಕೊಂಡು ಎಷ್ಟು ದಿನ ನಡೆದೀತು? ಅದಕ್ಕೆ ಅವಳೇ ಒಂದು ಶರತ್ತು ಹಾಕಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: ಆ ಶನಿವಾರದೊಳಗೆ ನೂರು ಮಾರಾಟ. ಅಷ್ಟಾದರೆ ಪ್ರೆಸ್ಸಿಗೆ ಹೋಗುವುದಿಲ್ಲ. ಒಂದು ಕಡಿಮೆಯಾದರೂ ಅಳದೆ ಹೋಗುವುದು.

ಅವಳಿಗೆ ವ್ಯಾಪಾರದ ಪಾಠ ಹೇಳುತ್ತಿದ್ದವನು ಫೋನಿನೊಳಗಿನ ಒಬ್ಬ ಗಡ್ಡದವನು. ದಿನಾ ಬೆಳಿಗ್ಗೆ ಕೈ ಬೀಸಿ ಬೀಸಿ, "ನೀವು ಮಲಗಿದ್ದಾಗಲೂ ಮಾರಾಟ ಆಗ್ತಾನೇ ಇರುತ್ತೆ!" ಎನ್ನುತ್ತಿದ್ದ.

"ನಾವು ಮಲಗಿದ್ದಾಗ ಅಂಗಡಿಯಿಂದ ಸಾಮಾನು ಹೋದ್ರೆ ಅದಕ್ಕೆ ಕಳ್ಳತನ ಅಂತಾರೆ ಕಣೇ," ಎಂದೆ.

"ಅತ್ತೆ, ನಿಮಗೆ ಇದೆಲ್ಲ ಅರ್ಥ ಆಗಲ್ಲ, ಬಿಡಿ," ಎಂದಳು. ಬಿಟ್ಟೆ. ಮೊದಲ ಮೂರು ವಾರದಲ್ಲಿ ಆದ ಮಾರಾಟ ನಾಲ್ಕು. ಅದರಲ್ಲಿ ಒಂದು ಅವಳ ತಂಗಿಯದು. ಇನ್ನೊಂದು ನನ್ನ ಮಗ ಎಲ್ಲೋ ಬೆರಳು ಒತ್ತಿ ತನಗೇ ಗೊತ್ತಿಲ್ಲದೆ ಕೊಂಡದ್ದು. ಕಣ್ಣು ಪರೀಕ್ಷೆ ಮಾಡುವವನು!

ನಾನು ಈ ಅಂಗಡಿಯೊಳಗೆ ಕಾಲಿಟ್ಟದ್ದು ಹೀಗೆ. ಒಂದು ದಿನ ಸೊಸೆ ಸ್ನಾನಕ್ಕೆ ಹೋಗಿದ್ದಳು, ಮೇಜಿನ ಮೇಲಿದ್ದ ಅಂಗಡಿಯ ಫೋನು ಟಿಂಗ್ ಎಂದಿತು. ಸುಮ್ಮನಿದ್ದೆ. ಮತ್ತೆ ಟಿಂಗ್. ನೋಡಿದರೆ ಯಾರೋ ಹೆಂಗಸು, "ಈ ಮೊಲದ ಕಾರ್ಡು ಬೇರೆ ಬಣ್ಣದಲ್ಲಿ ಇದೆಯಾ?" ಎಂದು ಕೇಳಿದ್ದಾಳೆ. ಅದರ ಕೆಳಗೆ ಫೋನು ತಾನಾಗಿಯೇ "ನಿಮ್ಮ ಸಂದೇಶ ನಮಗೆ ಅಮೂಲ್ಯ" ಎಂದು ಬರೆದು ಕೂತಿದೆ! ಗಿರಾಕಿ ಬಾಗಿಲಲ್ಲಿ ನಿಂತು ಬಣ್ಣ ಕೇಳುತ್ತಿದ್ದಾಳೆ, ಇದು ಅಮೂಲ್ಯ ಅಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಮಗ ತೋರಿಸಿಕೊಟ್ಟಿದ್ದ. ಎತ್ತಿಕೊಂಡು, "ಬನ್ನಿ ಬನ್ನಿ, ಕೂತ್ಕೊಳ್ಳಿ, ಹಸಿರೂ ಇದೆ, ಗುಲಾಬಿನೂ ಇದೆ. ಮಗು ಮೈಬಣ್ಣ ಯಾವುದು, ಹೇಳಿ," ಎಂದೆ. ಸೊಸೆ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಎರಡು ಮೊಲ ಮಾರಿದ್ದೆ.

ಅಂದಿನಿಂದ ಗಿರಾಕಿಗಳು ನನ್ನವರು, ಚಿತ್ರಗಳು ಅವಳವು. ಗಡ್ಡದವನು ಮೂಲೆಗೆ ಸರಿದ.

ಇಲ್ಲಿ ನನ್ನ ಒಂದು ಪದ್ಧತಿ ಹೇಳಬೇಕು. ಬಟ್ಟೆ ಅಂಗಡಿ ಇಟ್ಟ ಹೊಸದರಲ್ಲಿ ಎದುರುಬದುರು ಮನೆಯ ಇಬ್ಬರು ವಾರಗಿತ್ತಿಯರಿಗೆ ಒಂದೇ ಹೂವಿನ ಪರದೆ ಬಟ್ಟೆ ಮಾರಿಬಿಟ್ಟಿದ್ದೆ. ನೀನು ನನ್ನ ನೋಡಿ ತಂದೆ, ನೀನೇ ನನ್ನ ನೋಡಿ ತಂದೆ ಎಂದು ಜಗಳವಾಡಿ ಆರು ವರ್ಷ ಅವರು ಮಾತು ಬಿಟ್ಟರು, ಇಬ್ಬರೂ ನನ್ನ ಅಂಗಡಿಯನ್ನೂ ಬಿಟ್ಟರು. ಅವತ್ತಿನಿಂದ ನನ್ನದು ಒಂದೇ ಕಟ್ಟಳೆ: ಒಂದು ಬೀದಿಗೆ ಒಂದು ನಮೂನೆ. ಯಾವ ನಮೂನೆ ಯಾವ ಬೀದಿಗೆ ಹೋಯಿತು ಎಂದು ಪುಸ್ತಕದಲ್ಲಿ ಬರೆದಿಡುವುದು; ಅದೇ ಬೀದಿಯವರು ಅದನ್ನೇ ಕೇಳಿದರೆ ಬೇರೆ ತೋರಿಸುವುದು. ಗಾಳಿ ಮಾರಿದರೂ ಕಟ್ಟಳೆ ಕಟ್ಟಳೆಯೇ ತಾನೆ? ಬಂದವರನ್ನೆಲ್ಲ ಕೇಳತೊಡಗಿದೆ: ಯಾವ ಊರು, ಯಾವ ಬೀದಿ, ಯಾವ ಕಟ್ಟಡ, ಎಷ್ಟನೇ ಮಹಡಿ, ಯಾವತ್ತು ಕಾರ್ಯಕ್ರಮ.

ಸೊಸೆ ಒಂದು ದಿನ ಪುಸ್ತಕ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡಳು. "ಅತ್ತೆ, ಒಂದೇ ಚಿತ್ರಾನ ಸಾವಿರ ಜನಕ್ಕೆ ಮಾರಬಹುದು. ಅದಕ್ಕೇ ಅಲ್ವಾ ಈ ಅಂಗಡಿ ಇಟ್ಟಿರೋದು!"

"ಸಾವಿರ ಬೀದಿಗೆ ಮಾರು. ಬೇಡ ಅಂದೋರು ಯಾರು?"

"ಜನ ಬೇಜಾರು ಮಾಡ್ಕೊಂಡು ಹೋಗಿಬಿಡ್ತಾರೆ."

ಯಾರೂ ಹೋಗಲಿಲ್ಲ. "ನಿಮ್ಮ ಬೀದಿಗೆ ಇದು ನಿಮ್ಮೊಬ್ಬರಿಗೇ" ಎಂದರೆ ಎಂಥ ಜಿಪುಣನೂ ನೆಟ್ಟಗೆ ಕೂರುತ್ತಾನೆ. ಎರಡನೇ ತಿಂಗಳು ಮುಗಿದು ಹತ್ತು ದಿನ ಕಳೆಯುವಷ್ಟರಲ್ಲಿ ಅರವತ್ತೊಂದು ಮಾರಾಟವಾಗಿತ್ತು. ಸೊಸೆ ಸೋಮವಾರವೂ ಹಾಡತೊಡಗಿದಳು. ನನ್ನ ತಲೆ ಸ್ವಲ್ಪ ತಿರುಗಿದ್ದು ನಿಜ.

ಆಗ ಬಂದಳು ಐದನೇ ಮಹಡಿಯವಳು. ಅವಳಿಗೆ ಹಳದಿ ಆನೆಯ ಹುಟ್ಟುಹಬ್ಬದ ಕಾರ್ಡು ಬೇಕಿತ್ತು. ಕಟ್ಟಡದ ಹೆಸರು ಕೇಳಿ ಪುಸ್ತಕ ತೆಗೆದೆ. "ಅಯ್ಯೋ, ಆನೆ ಆಗಲ್ವಲ್ಲಮ್ಮ! ನಿಮ್ಮ ಕಟ್ಟಡದ್ದೇ ಮೂರನೇ ಮಹಡಿಯವರು ತಗೊಂಡುಬಿಟ್ಟಿದ್ದಾರೆ, ಬರೋ ಶನಿವಾರ ಅವರ ಮಗನ ಹುಟ್ಟುಹಬ್ಬಕ್ಕೆ. ನಿಮಗೆ ಒಳ್ಳೆ ಒಂಟೆ ತೋರಿಸ್ತೀನಿ."

ಅವಳು ಬರೆದಳು: "ಬರೋ ಶನಿವಾರ ಮೂರನೇ ಮಹಡಿಯಲ್ಲಿ ಹುಟ್ಟುಹಬ್ಬಾನಾ? ನಮ್ಮನ್ನ ಕರೆದೇ ಇಲ್ವಲ್ಲ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಒಂಟೆಯ ಬೆಲೆ ಇಳಿಸುತ್ತೇನೆ ಎಂದೆ, ಅವಳು ಓದಲೇ ಇಲ್ಲ. ಪಾಪ, ಮೂರನೇ ಮಹಡಿಯವಳ ಮನೆ ಪುಟ್ಟದು. ಎಂಟೇ ಮಕ್ಕಳನ್ನು ಸದ್ದಿಲ್ಲದೆ ಕರೆದು ಮುಗಿಸಿಬಿಡೋಣ ಎಂದುಕೊಂಡಿದ್ದಳಂತೆ. ಸಂಜೆಯೊಳಗೆ ಇಡೀ ಕಟ್ಟಡ ಅವಳನ್ನು ಲಿಫ್ಟಿನಲ್ಲಿ ತಡೆದು, "ನಾವೇನು ತಪ್ಪು ಮಾಡಿದ್ವಿ?" ಎಂದು ಕೇಳಿತು. ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ನಮ್ಮ ಅಂಗಡಿಗೆ ಅವಳಿಂದ ಐದಕ್ಕೆ ಒಂದೇ ಒಂದು ನಕ್ಷತ್ರ ಬಿತ್ತು, ಜೊತೆಗೆ ಒಂದು ಸಾಲು: "ಆನೆ ಚೆನ್ನಾಗಿದೆ. ಅಂಗಡಿಯ ಹೆಂಗಸಿಗೆ ಬಾಯಿ ನಿಲ್ಲುವುದಿಲ್ಲ."

ಆನ್‌ಲೈನಿನಲ್ಲಿ ನಕ್ಷತ್ರ ಕಡಿಮೆ ಬಿದ್ದರೆ ಅಂಗಡಿ ಹಿಂದಿನ ಸಾಲಿಗೆ ಹೋಗುತ್ತದಂತೆ, ಯಾರ ಕಣ್ಣಿಗೂ ಕಾಣುವುದಿಲ್ಲವಂತೆ. ಮರುದಿನ ಒಂದು ಟಿಂಗ್ ಇಲ್ಲ. ಅದರ ಮರುದಿನವೂ ಇಲ್ಲ. ಸೊಸೆ ನನ್ನನ್ನು ಬೈದಿದ್ದರೆ ನಾನೂ ತಿರುಗಿ ಬೈದು ಹಗುರವಾಗುತ್ತಿದ್ದೆ. ಅವಳು ಬೈಯಲಿಲ್ಲ. ಪ್ರೆಸ್ಸಿಗೆ ಒಯ್ಯುತ್ತಿದ್ದ ಊಟದ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದಳು. ಈ ಹಾಳು ಬಾಯಿಂದ ಆ ಹುಡುಗಿಯ ಹಾಡು ನಿಂತಿತಲ್ಲ!

ಮರುದಿನ ಮೂರನೇ ಮಹಡಿಯವಳಿಗೆ ಫೋನು ಮಾಡಿದೆ. ಬರೆಯಲಿಲ್ಲ, ಮಾಡಿದೆ. "ತಪ್ಪು ನಂದು ತಾಯಿ, ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಳ್ಳೋಕೆ ಜಾಗ ಇಲ್ಲ! ಇಪ್ಪತ್ತೆರಡು ಮನೆ! ಈಗ ಎಲ್ಲರನ್ನೂ ಕರೀಬೇಕು. ಎಲ್ಲಿ ಕೂರಿಸಲಿ? ನಿಮ್ಮ ತಲೆ ಮೇಲೆ ಕೂರಿಸಲಾ?"

"ಟೆರೇಸ್ ಇಲ್ವಾ?"

"ಇದೆ. ತಿನ್ನೋಕೆ ಯಾರು ಮಾಡಿ ಹಾಕ್ತಾರೆ?"

"ಕರೆದಿಲ್ಲ ಅಂತ ಕೇಳಿದ್ರಲ್ಲ, ಅವರೇ. ಒಬ್ಬೊಬ್ಬರೂ ಒಂದೊಂದು ಮಾಡ್ಕೊಂಡು ಬರಲಿ. 'ಬನ್ನಿ, ಬರೋವಾಗ ಒಂದು ಪಾತ್ರೆ ತುಂಬಿಸ್ಕೊಂಡು ಬನ್ನಿ' ಅನ್ನಿ. ಬರೀ ಬಾಯಿಮಾತಿಗೆ ಸಿಟ್ಟು ಮಾಡ್ಕೊಂಡೋರು ಅಲ್ಲೇ ಉದುರಿಹೋಗ್ತಾರೆ."

ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಆದರೆ ಯಾರೂ ಉದುರಲಿಲ್ಲ. ಶನಿವಾರ ಇಡೀ ಕಟ್ಟಡ ಪಾತ್ರೆ ಹಿಡಿದು ಟೆರೇಸು ಹತ್ತಿತು. ಯಾರ ಪಾತ್ರೆ ಯಾವುದೆಂದು ತಿಳಿಯಲು ಚೀಟಿ ಬೇಕಾಯಿತು. ಚೀಟಿ ಎಲ್ಲಿ ಸಿಗುತ್ತದೆ ಎಂದರೆ ಬಾಯಿ ನಿಲ್ಲದ ಹೆಂಗಸಿನ ಅಂಗಡಿಯಲ್ಲಿ. "ನಮಗೊಂದು ಕೊಡಿ, ಆದ್ರೆ ಪಕ್ಕದ ಮನೆಯವರದ್ದು ಬೇಡ" ಎಂದು ಒಬ್ಬೊಬ್ಬರೇ ಬಂದರು. ಪುಸ್ತಕದಲ್ಲಿ ಆ ಒಂದೇ ಕಟ್ಟಡಕ್ಕೆ ಎರಡು ಪುಟ ಹಿಡಿಯಿತು. ನಾಲ್ಕನೇ ಮಹಡಿಯ ಒಬ್ಬಾತನಿಗೆ ನನ್ನನ್ನು ಮಾತಾಡಿಸುವುದೇ ಆಸೆ. ಎರಡು ಚೀಟಿ ಕೊಂಡು, ತನ್ನ ಪಕ್ಕದ ಮನೆಯವರು ಏನು ಕೊಂಡರು ಎಂದು ಕೇಳಿದ. ನಾನು ತುಟಿ ಹೊಲಿದುಕೊಂಡು ಕೂತೆ, ಕಲಿತಿದ್ದೆನಲ್ಲ. ಐದನೇ ಮಹಡಿಯವಳು ಒಂಟೆಯನ್ನೇ ತೆಗೆದುಕೊಂಡಳು. ಭಾನುವಾರ ಮೂರನೇ ಮಹಡಿಯವಳು ನಕ್ಷತ್ರಗಳನ್ನು ನಾಲ್ಕಕ್ಕೇರಿಸಿ ಮತ್ತೆ ಬರೆದಳು: "ಬಾಯಿ ಈಗಲೂ ನಿಲ್ಲುವುದಿಲ್ಲ. ಆದರೆ ನಮ್ಮ ಕಟ್ಟಡಕ್ಕೆಲ್ಲ ಆನೆ ನನ್ನ ಮಗನದೊಂದೇ." ಅದನ್ನು ಓದಿ ಎಲ್ಲೆಲ್ಲಿಂದಲೋ ಜನ ಬಂದು, ತಮ್ಮ ಕಟ್ಟಡದಲ್ಲಿ ಆನೆ ಖಾಲಿ ಇದೆಯೇ ಎಂದು ವಿಚಾರಿಸಿದರು.

ಹೀಗೆ ಆ ಕೊನೆಯ ಶನಿವಾರ ಬೆಳಗಾಯಿತು. ಮಾರಾಟ ತೊಂಬತ್ತೊಂಬತ್ತು.

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಮೂವರೂ ಫೋನಿನ ಸುತ್ತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆವು. ಮಗ ತಡೆಯಲಾರದೆ, "ನಾನೇ ಒಂದು ತಗೊಂಡ್ರೆ ಮುಗೀತಲ್ಲಮ್ಮ?" ಎಂದ.

"ಹಿಂದೆ ಕಣ್ಣು ಕಾಣದೆ ತಗೊಂಡಿದ್ದೆ, ಆಯ್ತು. ಈಗ ಕಣ್ಣು ಬಿಟ್ಕೊಂಡು ತಗೊಂಡ್ರೆ ಅದು ಮೋಸ. ಬಾಯಿ ಮುಚ್ಚಿಕೊಂಡು ಕೂತ್ಕೋ."

ಹನ್ನೊಂದೂವರೆಗೆ ಟಿಂಗ್ ಎಂದಿತು. ಒಬ್ಬ ಅಜ್ಜ. ಮೊಮ್ಮಗಳಿಗೆ ಆರು ತುಂಬುತ್ತದೆ, ಹಳದಿ ಆನೆಯ ಕಾರ್ಡು ಬೇಕು, ದುಡ್ಡು ಈಗಲೇ ಕಟ್ಟುತ್ತೇನೆ ಎಂದ. ಮೂವರೂ ಎದ್ದು ನಿಂತೆವು. ರೂಢಿಯಂತೆ ಕೇಳಿದೆ: ಯಾವ ಕಟ್ಟಡ? ಅದೇ ಕಟ್ಟಡ. ಆರನೇ ಮಹಡಿ. ಮೊನ್ನೆ ಊರಲ್ಲಿರಲಿಲ್ಲವಂತೆ, ಟೆರೇಸಿನ ಊಟ ತಪ್ಪಿತಂತೆ.

ನಾನು ಫೋನನ್ನು ಎದೆಗೆ ಒತ್ತಿಕೊಂಡೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಮುರಿಯದ ಕಟ್ಟಳೆ. ಆದರೆ ಎದುರಿಗೆ ಈ ಹುಡುಗಿಯ ಮುಖ. ಕಟ್ಟಳೆಯನ್ನು ಕಟ್ಟಿಕೊಂಡು ನನಗೇನಾಗಬೇಕು? ಮೆಲ್ಲಗೆ ಹೇಳಿದೆ: "ಕೊಟ್ಟುಬಿಡೇ. ಮೂರನೇ ಮಹಡಿಗೂ ಆರನೇ ಮಹಡಿಗೂ ಎಷ್ಟು ದೂರ! ಯಾರಿಗೆ ಗೊತ್ತಾಗುತ್ತೆ? ಪುಸ್ತಕದಲ್ಲಿ ನಾನು ಬರೆಯಲ್ಲ."

ಸೊಸೆ ನನ್ನನ್ನೇ ನೋಡಿದಳು. ಆಮೇಲೆ ಗಡಿಯಾರ ನೋಡಿದಳು.

"ಬೇಡ ಅತ್ತೆ. ಆನೆ ಆ ಮಗುದು," ಎಂದಳು. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. "ನಾನು ಹೊಸದೊಂದು ಬರೀತೀನಿ. ಅಲ್ಲೀವರೆಗೂ ಅಜ್ಜನ್ನ ಎದ್ದು ಹೋಗೋಕೆ ಬಿಡಬೇಡಿ."

ಎದ್ದು ಹೋಗಲು ಬಿಡದಿರುವುದೇ? ಅದು ನನಗೆ ನೀರು ಕುಡಿದಷ್ಟು ಸುಲಭ. ಗಿರಾಕಿಯನ್ನು ಒಂದು ಸೆರಗು ತೋರಿಸಿ ಒಂದು ಗಂಟೆ ಕೂರಿಸಿದವಳು ನಾನು. ಮೊಮ್ಮಗಳು ಹೇಗಿದ್ದಾಳೆ ಎಂದೆ. ತುಂಬ ತುಂಟಿ ಎಂದ. ಏನು ತಿಂತಾಳೆ ಎಂದೆ. ಏನೂ ತಿನ್ನಲ್ಲ, ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಎಲ್ಲರನ್ನೂ ಕಚ್ಚುತ್ತಾಳೆ ಎಂದ. ಸೊಸೆಯ ಕಿವಿ ಇತ್ತ ನಿಮಿರಿತು. ಅಜ್ಜನ ಮೊಣಕಾಲು ನೋವು, ಅಜ್ಜಿಯ ಸಿಟ್ಟು, ಲಿಫ್ಟಿನ ಬಾಗಿಲು ಹಾಕಿಕೊಳ್ಳದಿರುವುದು, ಎಲ್ಲ ವಿಚಾರಿಸಿದೆ. ಎರಡು ಸಲ ಅವನು "ಆನೆ ಕೊಡ್ತೀರಾ?" ಎಂದ, ಎರಡು ಸಲವೂ ಮೊಣಕಾಲಿಗೆ ಮದ್ದು ಹೇಳಿದೆ.

ಒಂದಕ್ಕೆ ಹನ್ನೆರಡು ನಿಮಿಷ ಇರುವಾಗ ಸೊಸೆ ಕೈ ಕೊಡವಿಕೊಂಡಳು. ನೋಡಿದೆ. ನೇರಳೆ ಬಣ್ಣದ ಮೊಸಳೆ. ಸೊಂಟದ ಮೇಲೆ ಕೈ, ತಲೆಗೆ ರಿಬ್ಬನ್, ಊರೆಲ್ಲ ಕಾಣುವ ನಗು, ಮುಂದಿನ ಎರಡು ಹಲ್ಲಿಲ್ಲ. ಅಬ್ಬಾ, ನನಗೇ ಒಂದು ಬೇಕೆನಿಸಿತು. ಅಜ್ಜನಿಗೆ ಕಳಿಸಿ, "ಇಂಥದ್ದು ಜಗತ್ತಲ್ಲೇ ಇನ್ನೊಂದಿಲ್ಲ, ಈಗ ತಾನೇ ಹುಟ್ಟಿದೆ," ಎಂದೆ.

ಅಜ್ಜ ಬರೆದ: "ಯೋಚನೆ ಮಾಡಿ ಹೇಳ್ತೀನಿ."

ಅಂಗಡಿ ಇಟ್ಟವರನ್ನು ಕೇಳಿ ನೋಡಿ, ಇದಕ್ಕಿಂತ ಕೆಟ್ಟ ಮಾತು ಭಾಷೆಯಲ್ಲೇ ಇಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದು ಹೋದವರಲ್ಲಿ ನೂರಕ್ಕೆ ಒಬ್ಬರೂ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಸೊಸೆಗೆ ಅದನ್ನು ಹೇಳಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟು ನಿಂತೆ.

ಸರಿಯಾಗಿ ಒಂದು ಗಂಟೆಗೆ ಅವಳ ಫೋನು ಬಡಿದುಕೊಂಡಿತು. ಇನ್ನೂದೊಡ್ಡದು. ಅವಳು ನಮಗೂ ಕೇಳುವ ಹಾಗೆ ಇಟ್ಟಳು. ಹಲ್ಲಿನಡಿಯಲ್ಲಿ ಕಡಲೆಕಾಯಿ ಕಟಕಟ ಎನ್ನುವುದೂ ಕೇಳಿಸಿತು.

"ಏನಮ್ಮ, ಸೋಮವಾರ ಬರ್ತೀಯ ತಾನೆ? ಒಂದು ಬ್ಯಾನರ್ ಕೆಲಸ ಬಂದಿದೆ. ಅಕ್ಷರ ಸ್ವಲ್ಪ ದೊಡ್ಡದು ಬೇಕಂತೆ."

ಪರದೆಯ ಮೇಲೆ ತೊಂಬತ್ತೊಂಬತ್ತು ಹಾಗೇ ಇತ್ತು. ಅವಳು ಅದನ್ನು ನೋಡಿದಳು, ಮೊಸಳೆಯನ್ನು ನೋಡಿದಳು. "ಇಲ್ಲ ಸರ್, ಬರಲ್ಲ," ಎಂದಳು.

"ಬರಲ್ವಾ? ಯಾಕೆ?"

"ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಸರ್. ಆಮೇಲೆ ಮಾತಾಡ್ತೀನಿ." ಫೋನು ಇಟ್ಟಳು.

"ನೂರು ಆಗಿಲ್ವಲ್ಲೇ," ಎಂದೆ.

"ಗೊತ್ತು ಅತ್ತೆ."

"ಮತ್ತೆ?"

"ಅಜ್ಜ ಇನ್ನೂ ಯೋಚನೆ ಮಾಡ್ತಿದ್ದಾರೆ. ಗಿರಾಕಿ ಇರೋವಾಗ ಅಂಗಡಿ ಬಾಗಿಲು ಹಾಕ್ತಾರಾ?"

ನನ್ನ ಅಂಗಡಿಗೆ ಕೊನೆಯ ಸಲ ಬೀಗ ಹಾಕಿದ ದಿನವೂ ಅತ್ತವಳಲ್ಲ ನಾನು. ಆಗ ಅತ್ತುಬಿಟ್ಟೆ. ಮಗ ಹೆದರಿ ನೀರು ತಂದ. "ಹೆದರಬೇಡ ಕಣೋ, ಸಂತೋಷಕ್ಕೆ," ಎಂದು ಅವನಿಗೂ ಒಂದು ಬೈದೆ. ಸೊಸೆ ನನ್ನ ಪಕ್ಕ ಕೂತು ತನ್ನ ದುಪಟ್ಟಾದಿಂದಲೇ ನನ್ನ ಮೂಗು ಒರೆಸಿದಳು, ಅವಳದೂ ಸೋರುತ್ತಿತ್ತು.

ಒಂದೂ ಕಾಲಿಗೆ ಟಿಂಗ್ ಎಂದಿತು. ಅಜ್ಜ ಬರೆದಿದ್ದ: "ಮೇಡಂ, ತಡ ಆಯ್ತು, ಮೊಮ್ಮಗಳಿಗೆ ತೋರಿಸೋಕೆ ಹೋಗಿದ್ದೆ. ಖುಷಿಯಲ್ಲಿ ನನ್ನ ಕೈ ಕಚ್ಚಿದಳು, ಮೂರನೇ ಹಲ್ಲೂ ಬಿತ್ತು. ಮೊಸಳೆಗೂ ಇನ್ನೊಂದು ಕಿತ್ತು ಕೊಟ್ರೆ ಈಗಲೇ ತಗೋತೀನಿ."

ಸೊಸೆ ಅದನ್ನು ಎರಡು ಸಲ ಓದಿ, ಅಳುವುದೋ ನಗುವುದೋ ತಿಳಿಯದೆ ನನ್ನ ಮುಖ ನೋಡಿದಳು.

"ಕೀಳೇ ಮತ್ತೆ, ನನ್ನ ಮುಖ ಏನು ನೋಡ್ತೀಯ?" ಎಂದೆ. "ಗಿರಾಕಿ ಕಾಯ್ತಿದ್ದಾರೆ."